ಕೊಬ್ಬರಿ ಮಂಡಿಯಲ್ಲಿ ಜೆಟ್ ಎಂಜಿನ್

ವಿಮಾನ ಓಡಿಸುವ ಕೆಲಸಕ್ಕೆ ಸೇರಲು ಹೊರಟ ಹುಡುಗರು, ಈಚೆಗೆ ಹುಡುಗಿಯರೂ, ಅರಸೀಕೆರೆ ಕಡೆ ಬಂದರೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿಯುತ್ತಾ ಅವರು ಕೇಳುವುದೆಲ್ಲ ಆಕಾಶದ ವಿಷಯ. ಮೋಡದ ಒಳಗೆ ಹೋದರೆ ಹೇಗಿರುತ್ತದೆ, ಸಿಡಿಲು ಎಂದಾದರೂ ಬಡಿದಿತ್ತೇ, ಸಮುದ್ರದ ಮೇಲೆ ಎಂಜಿನ್ ನಿಂತಿತ್ತೇ. ಅವರಿಗೆ ನಿರಾಸೆ ಮಾಡಲು ನನಗೆ ಬೇಸರ. ಆದರೆ ಹೇಳಿಕೊಳ್ಳುವಂಥದ್ದು ಆಕಾಶದಲ್ಲಿ ನನಗೆ ಹೆಚ್ಚೇನೂ ಆಗಲಿಲ್ಲ. ಆದದ್ದೆಲ್ಲ ನೆಲದ ಮೇಲೆಯೇ, ವಿಮಾನ ಇನ್ನೂ ನಿಂತಿರುವಾಗ ಅಥವಾ ಎಮ್ಮೆಯ ಹಾಗೆ ತೆವಳಿಕೊಂಡು ರನ್‌ವೇ ಕಡೆ ಹೋಗುವಾಗ. ಕೆಲಸ ಕಲಿಯುವವರು ಈ ಭಾಗವನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಾನೂ ಹಾಗೇ ತೆಗೆದುಕೊಂಡಿದ್ದೆ.

ನಾನು ಸೇರಿದ ಕಾಲಕ್ಕೆ ನಮಗೆಲ್ಲ ಡಕೋಟ ವಿಮಾನ. ಅದರ ಬಾಲ ನೆಲಕ್ಕೆ ಊರಿಕೊಂಡು, ಮೂತಿ ಆಕಾಶ ನೋಡುತ್ತಿತ್ತು. ನೆಲದ ಮೇಲೆ ಓಡಿಸುವಾಗ ಎದುರಿಗೆ ಏನಿದೆ ಎಂಬುದೇ ಕಾಣದು. ಹಾವಿನ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುತ್ತಾ, ಪಕ್ಕದ ಕಿಟಕಿಯಿಂದ ಇಣುಕುತ್ತಾ ಹೋಗಬೇಕು. ಎಂಜಿನ್ ಸ್ಟಾರ್ಟ್ ಮಾಡುವುದಂತೂ ದೀಪಾವಳಿಗೆ ಬಂದ ಹೊಸ ಅಳಿಯನನ್ನು ಉಪಚರಿಸಿದ ಹಾಗೆ. ಅಷ್ಟು ಇಂಧನ ಹೊಡೆದು, ಇಷ್ಟು ಗಾಳಿ ಬಿಟ್ಟು, ಕೆಮ್ಮಿದರೆ ಸ್ವಲ್ಪ ಹಿಂದೆ, ಗುರುಗುಟ್ಟಿದರೆ ಸ್ವಲ್ಪ ಮುಂದೆ, ಕಿವಿಯಲ್ಲಿ ಕೇಳುತ್ತಾ ಕೈಯಲ್ಲಿ ಸರಿಮಾಡುತ್ತಾ ಹೋಗಬೇಕು. ಬುಸ್ಸೆಂದು ನೀಲಿ ಹೊಗೆ ಬಿಟ್ಟು ಎಂಜಿನ್ ಹತ್ತಿದಾಗ, ಅಳಿಯ ಕೊನೆಗೂ ಊಟಕ್ಕೆ ಕುಳಿತಷ್ಟು ಸಮಾಧಾನ. ಎಂಥ ಮೊಂಡು ಎಂಜಿನನ್ನೂ ಹತ್ತಿಸುತ್ತೇನೆ ಎಂದು ನನಗೆ ಹೆಸರಿತ್ತು. ಮಳೆಗಾಲದ ಬೆಳಗಿನಲ್ಲಿ ಬೇರೆಯವರ ವಿಮಾನ ಹತ್ತದಿದ್ದರೆ, “ಚಂದ್ರಶೇಖರನ್ನ ಕರೀರಿ” ಎನ್ನುತ್ತಿದ್ದರು. ನಾನೂ ಕಾಲರ್ ಸರಿಮಾಡಿಕೊಂಡು ಹೋಗುತ್ತಿದ್ದೆ.

ಅರವತ್ತರ ದಶಕದಲ್ಲಿ ಜೆಟ್ ಬಂತು. ನಮ್ಮಲ್ಲಿ ಹಿರಿಯರಾದ ಕೆಲವರು ಅದರ ತರಬೇತಿಗೆ ಮೊದಲು ಹೋಗಿಬಂದರು. ಒಂದು ಊರಿನಲ್ಲಿ ಹೊಸ ವಿಮಾನಕ್ಕೆ ಸ್ವಾಗತ ಏರ್ಪಾಡಾಗಿತ್ತು. ಶಾಮಿಯಾನ, ಕುರ್ಚಿ, ಹೂವಿನ ಹಾರ, ನಾಗಸ್ವರ ಎಲ್ಲವೂ ಇತ್ತು. ಭಾಷಣ ಮುಗಿದು ವಿಮಾನ ಹೊರಟಿತು. ಹೊರಡುವಾಗ ಪೈಲಟ್ ಡಕೋಟದ ಅಭ್ಯಾಸದಲ್ಲಿ ಬಾಲವನ್ನು ಶಾಮಿಯಾನದ ಕಡೆ ತಿರುಗಿಸಿ, ನಿಂತ ವಿಮಾನ ಅಲುಗಲೆಂದು ಎಂಜಿನಿಗೆ ಜೋರು ಕೊಟ್ಟರು. ಶಾಮಿಯಾನ ಗಾಳಿಪಟದ ಹಾಗೆ ಎದ್ದು ಪಕ್ಕದ ಜೋಳದ ಹೊಲಕ್ಕೆ ಹೋಯಿತು. ಅಧ್ಯಕ್ಷರ ಪೇಟವೂ ಅದರ ಹಿಂದೆಯೇ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ನಾಗಸ್ವರದವರು ಮಾತ್ರ ಊದುವುದನ್ನು ನಿಲ್ಲಿಸಿರಲಿಲ್ಲವಂತೆ. ಜೆಟ್ ಮುಂದೆ ಹೋಗುವಾಗ ಹಿಂದೆ ಯಾರಿದ್ದಾರೆ ಎಂದು ನೋಡಬೇಕು ಎಂಬ ಪಾಠ ನಮಗೆಲ್ಲ ಬಂದದ್ದು ಹೀಗೆ.

ನನ್ನ ಸರದಿಯೂ ಬಂತು. ಪರೀಕ್ಷಕರು ಕ್ಯಾಪ್ಟನ್ ಲೋಬೋ. ಮಂಗಳೂರಿನವರು, ಎತ್ತರದ ಆಳು, ಮಾತು ಕಡಿಮೆ. ಅವರ ಪಕ್ಕ ಕುಳಿತರೆ ಫ್ಯಾನಿನ ಕೆಳಗೂ ಬೆವರು ಬರುತ್ತಿತ್ತು. ಜೆಟ್ ಎಂಜಿನ್ ಹತ್ತಿಸುವುದು ಕೇಳಲು ಬಲು ಸುಲಭ. ಸ್ಟಾರ್ಟರು ಎಂಜಿನನ್ನು ತಿರುಗಿಸುತ್ತದೆ. ಸಾಕಷ್ಟು ತಿರುಗಿದ ಮೇಲೆ ಲಿವರ್ ಮುಂದೆ ಮಾಡಿ ಇಂಧನ ಬಿಡಬೇಕು. ಒಳಗೆ ಬೆಂಕಿ ಹತ್ತುತ್ತದೆ. ಒಂದು ಗಡಿಯಾರದಲ್ಲಿ ವೇಗದ ಮುಳ್ಳು, ಇನ್ನೊಂದರಲ್ಲಿ ಶಾಖದ ಮುಳ್ಳು ಏರುತ್ತವೆ. ಅಷ್ಟೆ. ನನ್ನ ಪರೀಕ್ಷೆಯ ದಿನ ಎಂಜಿನ್ ಏರುವುದು ಸ್ವಲ್ಪ ತಡವಾದಂತೆ ಕಂಡಿತು. ನಾನು ಲಿವರನ್ನು ಒಂದಿಷ್ಟು ಮುಂದೆ ಮಾಡಿ ಹತ್ತಿಸಿದೆ. ಆಮೇಲೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗ ತಿರುವಿನಲ್ಲಿ ಒಂದು ಚಕ್ರ ಹುಲ್ಲಿನ ಅಂಚಿಗೆ ಹೋಯಿತು. ಹಾರಾಟ ಚೆನ್ನಾಗಿಯೇ ಆಯಿತು. ಇಳಿದ ಮೇಲೆ ಲೋಬೋ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೇಳಿದರು.

“ಪಾಸಾಗಲಿಲ್ಲ. ಕೈ ಸರಿ ಇಲ್ಲ. ಇನ್ನೊಂದು ಅವಕಾಶ ಉಂಟು. ಊರಿಗೆ ಹೋಗಿ ಬನ್ನಿ.”

ಕೈ ಸರಿ ಇಲ್ಲ ಎಂದರೇನು ಎಂದು ಕೇಳುವಷ್ಟರಲ್ಲಿ ಅವರು ಅರ್ಧ ಮೈದಾನ ದಾಟಿದ್ದರು. ಎರಡನೆಯ ಸಲವೂ ಆಗದಿದ್ದವರು ಮತ್ತೆ ಡಕೋಟಕ್ಕೆ ಹೋಗಬೇಕು. ಡಕೋಟಗಳೋ ಒಂದೊಂದಾಗಿ ಮೂಲೆ ಸೇರುತ್ತಿದ್ದವು. ಅವುಗಳ ಜೊತೆಗೆ ನಾವೂ ಮೂಲೆ ಸೇರಬೇಕಾಗಿತ್ತು. ನಾನು ರಜ ಹಾಕಿ, ಮುಖ ಸಣ್ಣ ಮಾಡಿಕೊಂಡು ಅರಸೀಕೆರೆ ರೈಲು ಹತ್ತಿದೆ.

ಊರಿನಲ್ಲಿ ಮನೆಗೆ ಸೇರಿಕೊಂಡೇ ನಮ್ಮದು ಕೊಬ್ಬರಿ ಮಂಡಿ. ಅಣ್ಣ ರುದ್ರಣ್ಣ ನೋಡಿಕೊಳ್ಳುತ್ತಿದ್ದ. ನನ್ನ ಹೆಂಡತಿ ಗಿರಿಜ ಅಲ್ಲಿಯೇ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಾನು ಊರೂರು ಅಲೆಯುವವನಾದ್ದರಿಂದ ಅವಳು ಕೆಲಸ ಬಿಟ್ಟು ನನ್ನ ಹಿಂದೆ ಬರಲು ಒಪ್ಪಿರಲಿಲ್ಲ. ನಾನೂ ಒತ್ತಾಯ ಮಾಡಿರಲಿಲ್ಲ. ಫೇಲಾದದ್ದನ್ನು ಅಣ್ಣನಿಗೆ ಹೇಳಿದರೆ ಅವನು ಖುಷಿಯಿಂದಲೇ ಕೇಳಿಸಿಕೊಂಡ.

“ಹೋಗ್ಲಿ ಬಿಡೋ ಚಂದ್ರು. ತಕ್ಕಡಿ ಹಿಡಿಯಾಕೆ ಒಬ್ಬ ಬೇಕಾಗಿತ್ತು ನಂಗೆ. ಇಲ್ಲಿ ಫೇಲು ಪಾಸು ಏನಿಲ್ಲ ಕಣೋ.”

ಗಿರಿಜ ಮಾತ್ರ ನೇರವಾಗಿ ಕೇಳಿದಳು. “ಮತ್ತೆ ಪರೀಕ್ಷೆ ಇದೆ ತಾನೇ? ಮತ್ಯಾಕೆ ಮುಖ ಹೀಗೆ? ಓದ್ಕೊಳ್ಳಿ.”

ಓದುವುದಕ್ಕಿಂತ ಕೈಗೆ ಅಭ್ಯಾಸ ಬೇಕು ಎಂದೆ. ಅವಳು ಮಾರನೆಯ ದಿನ ಶಾಲೆಯಿಂದ ರಟ್ಟಿನ ಗಡಿಯಾರಗಳನ್ನು ತಂದಳು. ಮಕ್ಕಳಿಗೆ ಗಂಟೆ ನೋಡುವುದನ್ನು ಕಲಿಸಲು ಮುಳ್ಳನ್ನು ಬೆರಳಲ್ಲಿ ತಿರುಗಿಸುವಂಥವು. ಖಾಲಿ ಇದ್ದ ಹಿಂದಿನ ಗೋಡೌನಿನಲ್ಲಿ ಕೊಬ್ಬರಿ ಮೂಟೆಗಳನ್ನು ಎರಡು ಸೀಟಿನ ಹಾಗೆ ಜೋಡಿಸಿದೆವು. ಎದುರಿಗೆ ಹಲಗೆ, ಹಲಗೆಗೆ ಗಡಿಯಾರಗಳು, ಲಿವರಿಗೆ ಎರಡು ಮರದ ಸೌಟು. ಗಿರಿಜ ಶಾಲೆಯಿಂದ ಬಂದು, ತಲೆಗೆ ಟವೆಲು ಸುತ್ತಿಕೊಂಡು, ಪಕ್ಕದ ಮೂಟೆಯ ಮೇಲೆ ಕುಳಿತು ಒಂದೊಂದೇ ಅಂಶವನ್ನು ಓದುತ್ತಿದ್ದಳು. “ಬ್ರೇಕು?” “ಹಾಕಿದೆ.” “ಹಿಂದೆ ಜನ?” “ಯಾರೂ ಇಲ್ಲ.” “ಸ್ಟಾರ್ಟರು?” ಕೈ ಸರಿ ಇಲ್ಲ ಎಂದರೆ ಕೈ ನಿಧಾನ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಆದ್ದರಿಂದ ಕೈಯನ್ನು ಚುರುಕು ಮಾಡುವುದೇ ನನ್ನ ಸಾಧನೆಯಾಯಿತು. ವಾರ ಕಳೆಯುವಷ್ಟರಲ್ಲಿ ನನ್ನ ಕೈಗಳು ಹಾರ್ಮೋನಿಯಂ ನುಡಿಸುವವನ ಕೈಗಳ ಹಾಗೆ ಓಡಾಡುತ್ತಿದ್ದವು.

ನೆಲದ ಮೇಲೆ ಓಡಿಸುವ ಅಭ್ಯಾಸಕ್ಕೆ ಮಂಡಿಯ ತಳ್ಳುಗಾಡಿಯೇ ಗತಿ. ಜೆಟ್‌ನಲ್ಲಿ ಪೈಲಟ್ ಕುಳಿತುಕೊಳ್ಳುವುದು ಮುಂದಿನ ಚಕ್ರಕ್ಕಿಂತಲೂ ಮುಂದೆ. ತಿರುವಿನಲ್ಲಿ ತಾನು ದಾಟಿಹೋದೆ ಅನ್ನಿಸಿದ ಮೇಲೂ ಇನ್ನಷ್ಟು ಮುಂದೆ ಹೋಗಿ ತಿರುಗಿಸಬೇಕು. ಇಲ್ಲದಿದ್ದರೆ ಹಿಂದಿನ ಚಕ್ರಗಳು ಒಳಗಿನ ಅಂಚನ್ನು ಕತ್ತರಿಸುತ್ತವೆ. ಗಾಡಿಯ ಮುಂದಕ್ಕೆ ಚಾಚಿದ ಹಲಗೆಯ ಮೇಲೆ ನಾನು ಕುಳಿತು, ಇಬ್ಬರು ಹಮಾಲಿಗಳು ಹಿಂದಿನಿಂದ ತಳ್ಳಿ, ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಅಭ್ಯಾಸ ಮಾಡಿದೆವು. ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದವರ ಮಾತು ನನಗೆ ಕೇಳಿಸುತ್ತಿತ್ತು.

“ಏನ್ಲಾ ಇದು, ರುದ್ರಣ್ಣನ ತಮ್ಮ ಗಾಡಿ ಮೇಲೆ ಕುಂತವ್ನೆ?”

“ವಿಮಾನದಲ್ಲಿ ತಲೆ ಸುತ್ತಿ ಹಿಂಗಾಗೈತಂತೆ ಕಣ್ಲಾ. ಪಾಪ.”

ಅಣ್ಣ ಮಾಲೇಕಲ್ಲು ತಿರುಪತಿಗೆ ಹೋಗಿ ಗುಟ್ಟಾಗಿ ಹರಕೆ ಕಟ್ಟಿಕೊಂಡು ಬಂದದ್ದು ನನಗೆ ಆಮೇಲೆ ತಿಳಿಯಿತು.

ಹೀಗಿರುವಾಗ ಒಂದು ತಂತಿ ಬಂತು. ಕ್ಯಾಪ್ಟನ್ ಲೋಬೋ ಬೇಲೂರು, ಹಳೇಬೀಡು ನೋಡಲು ಬರುತ್ತಾರಂತೆ. ಅರಸೀಕೆರೆಯಲ್ಲಿ ಇಳಿಯುತ್ತಾರಂತೆ. ಕಾರು ಗೊತ್ತುಮಾಡಿಕೊಡಲು ಆದೀತೇ ಎಂದು ಕೇಳಿದ್ದರು. ತಂತಿಯನ್ನು ಗಿರಿಜಳಿಗೆ ತೋರಿಸಿದೆ. ಫೇಲು ಮಾಡಿದವರನ್ನು ಮನೆಗೆ ಕರೆದು ಉಪಚರಿಸಿದರೆ ಲಂಚ ಕೊಟ್ಟ ಹಾಗೆ ಕಾಣುತ್ತದೆ, ಕರೆಯದಿದ್ದರೆ ಮುನಿಸು ತೋರಿಸಿದ ಹಾಗೆ.

“ಊಟದ ಹೊತ್ತಿಗೆ ಬಂದೋರಿಗೆ ಊಟ ಹಾಕ್ಬೇಕು ಕಣ್ರೀ. ಅದರಲ್ಲಿ ಯೋಚನೆ ಮಾಡೋದೇನಿದೆ?” ಎಂದಳು ಗಿರಿಜ. “ಆದ್ರೆ ಗೋಡೌನಿಗೆ ಬೀಗ ಹಾಕಿ. ಅದನ್ನ ನೋಡಿದ್ರೆ ನಗ್ತಾರೆ.”

ಸ್ಟೇಷನ್ನಿನಲ್ಲಿ ಇಳಿದ ಲೋಬೋ ಕೈಕುಲುಕಿ ಮೊದಲು ಹೇಳಿದ್ದೇ ಇದು. “ನಾನು ಕಲ್ಲು ನೋಡಲಿಕ್ಕೆ ಬಂದದ್ದು. ಇವತ್ತು ವಿಮಾನದ ಮಾತು ಬೇಡ.” ಒಂದು ಹಳೆಯ ಬಾಡಿಗೆ ಕಾರು. ಡ್ರೈವರು ಸಾಬ್ಜಾನ್. ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ ಬೇಲೂರು. ದಾರಿಯುದ್ದಕ್ಕೂ ನಾನು ಬಾಯಿ ತೆರೆದು ಮುಚ್ಚಿದ್ದೇ ಆಯಿತು. ಲೋಬೋ ಹಳೇಬೀಡಿನ ಗೋಡೆಯ ಸುತ್ತ ಆನೆಗಳ ಸಾಲನ್ನು ಬಗ್ಗಿ ಬಗ್ಗಿ ನೋಡುತ್ತಾ ಮಗುವಿನ ಹಾಗೆ ನಕ್ಕರು. “ಎಂತ ಕೆಲಸ ಮಾರಾಯ್ರೇ! ಒಂದರ ಹಾಗೆ ಇನ್ನೊಂದು ಇಲ್ಲ.” ಬೇಲೂರಿನಲ್ಲಿ ಕಂಬಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಅವರಿಗೆ ನಗಲು ಬರುತ್ತದೆ ಎಂಬುದೇ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ವಿಮಾನ ಎಂಬ ಶಬ್ದ ಮಾತ್ರ ಅವರ ಬಾಯಿಂದ ಬರಲಿಲ್ಲ.

ಹಿಂತಿರುಗುವಾಗ, ಮಧ್ಯಾಹ್ನದ ಬಿಸಿಲಿನಲ್ಲಿ, ಹಳೇಬೀಡಿಗೂ ಜಾವಗಲ್ಲಿಗೂ ನಡುವೆ ಕಾರು ಕೆಮ್ಮಿ ನಿಂತಿತು. ಸಾಬ್ಜಾನ್ ಹ್ಯಾಂಡಲ್ ತೆಗೆದು ಮುಂದೆ ಹೋಗಿ ತಿರುಗಿಸತೊಡಗಿದ. ನಾನು ಸುಮ್ಮನಿರುವ ಆಳೇ? ಡ್ರೈವರ್ ಸೀಟಿಗೆ ಹಾರಿದೆ. ಎಂಜಿನ್ ಕೆಮ್ಮಿದರೆ ಚೋಕ್ ಸ್ವಲ್ಪ ಎಳೆದೆ, ಗುರುಗುಟ್ಟಿದರೆ ಆಕ್ಸಲರೇಟರ್ ಒತ್ತಿದೆ, ನಿಂತರೆ ಮತ್ತೆ ಚೋಕ್. “ಬಾ ಬಾ, ಬಾರಮ್ಮ” ಎಂದು ಪುಸಲಾಯಿಸಿದೆ. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು. ಸಾಬ್ಜಾನನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಲೋಬೋ ರಸ್ತೆ ಬದಿಯ ಹೊಂಗೆಮರದ ಕೆಳಗೆ ನಿಂತು ಕಡಲೆಕಾಯಿ ಬಿಡಿಸಿ ತಿನ್ನುತ್ತಾ ನನ್ನನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಬಂದು ಕಿಟಕಿಯ ಹತ್ತಿರ ನಿಂತರು.

“ಚಂದ್ರಶೇಖರ್, ಕೈ ತೆಗೀರಿ.”

“ಇನ್ನೇನು ಹತ್ತತ್ತೆ ಸರ್.”

“ಕೈ ತೆಗೀರಿ ಹೇಳಿದೆ.” ನಾನು ತೆಗೆದೆ. ಅವರು ನನ್ನ ಬಲಗೈಯನ್ನು ಬೆರಳಿಟ್ಟು ತೋರಿಸಿದರು. “ಈ ಕೈಯೇ ಮಾರಾಯ್ರೇ. ಇದಕ್ಕೇ ನಿಮ್ಮನ್ನು ಫೇಲ್ ಮಾಡಿದ್ದು.”

ನಾನು ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

“ನೀವು ಎಂಜಿನನ್ನು ಬದುಕಿಸಲಿಕ್ಕೆ ನೋಡ್ತೀರಿ. ಡಕೋಟಕ್ಕೆ ಅದು ಸರಿ. ಜೆಟ್‌ಗೆ ಉಪಚಾರ ಬೇಡ. ಹತ್ತುವುದಾದರೆ ತಾನಾಗಿ ಹತ್ತುತ್ತದೆ. ಇಲ್ಲದಿದ್ದರೆ ನೀವು ಮಾಡಬಹುದಾದ್ದು ಒಂದೇ, ಇಂಧನ ಮುಚ್ಚುವುದು. ಲಿವರ್ ಮೇಲೆ ಕೈ ಇಡುವುದು ಮುಚ್ಚಲಿಕ್ಕೆ, ಆಡಿಸಲಿಕ್ಕೆ ಅಲ್ಲ. ಅವತ್ತು ವೇಗ ಏರಲಿಲ್ಲ, ಶಾಖ ಏರ್ತಾ ಇತ್ತು. ನೀವು ಎಂತ ಮಾಡಿದಿರಿ? ಇನ್ನಷ್ಟು ಇಂಧನ ಕೊಟ್ಟಿರಿ.”

“ಆದ್ರೆ ಎಂಜಿನ್ ಹತ್ತಿತಲ್ಲ ಸರ್?”

“ಹತ್ತಿತು. ಅದೇ ದೊಡ್ಡ ತೊಂದರೆ. ಹತ್ತದೇ ಇದ್ದಿದ್ದರೆ ನಿಮಗೆ ಅವತ್ತೇ ಬುದ್ಧಿ ಬರ್ತಿತ್ತು.”

“ಇದನ್ನ ಹೇಳೋಕೇ ಇಷ್ಟು ದೂರ ಬಂದ್ರಾ ಸರ್?”

“ಇಲ್ಲ ಮಾರಾಯ್ರೇ. ದೇವಸ್ಥಾನ ನೋಡಲಿಕ್ಕೇ ಬಂದದ್ದು” ಎಂದು ಅವರು ಮತ್ತೆ ಕಡಲೆಕಾಯಿ ಬಿಡಿಸತೊಡಗಿದರು.

ಸಾಬ್ಜಾನ್ ಹ್ಯಾಂಡಲ್ ನೆಲಕ್ಕೆ ಊರಿ ಸೊಂಟ ನೇರ ಮಾಡಿಕೊಂಡ. “ಸ್ವಾಮಿ, ಪೆಟ್ರೋಲು ಕುಡ್ದೂ ಕುಡ್ದೂ ಹೊಟ್ಟೆ ಉಬ್ಬರಿಸ್ಕೊಂಡೈತೆ. ಒಂದು ಬೀಡಿ ಸೇದೋವರ್ಗೂ ಸುಮ್ಕೆ ಬಿಟ್ಬಿಡಿ.” ಅವನು ದೂರ ಹೋಗಿ ಬೀಡಿ ಸೇದಿ ಬಂದ. ನಾನು ಕೈಕಟ್ಟಿಕೊಂಡು ಕುಳಿತಿದ್ದೆ. ಹ್ಯಾಂಡಲಿನ ಒಂದೇ ಸುತ್ತಿಗೆ ಕಾರು ಹತ್ತಿತು.

ಮನೆಯಲ್ಲಿ ಹೋಳಿಗೆ ಊಟ ಆಯಿತು. ಕೈ ತೊಳೆಯಲು ಹಿತ್ತಲಿಗೆ ಹೋದ ಲೋಬೋ ಅಂಗಳದಲ್ಲಿದ್ದ ಸುಣ್ಣದ ಗೆರೆಗಳನ್ನು ನೋಡಿ ನಿಂತರು. ಒಂದು ಗೆರೆಯ ಮೇಲೆ ನಡೆದು, ತಿರುವಿನಲ್ಲಿ ದಾಟಿ ಮುಂದೆ ಹೋಗಿ ತಿರುಗಿದರು. ಗಾಡಿಯನ್ನು ನೋಡಿದರು. ಗೋಡೌನಿನ ಬೀಗ ನೋಡಿದರು. “ಒಳಗೆ ಎಂತ ಉಂಟು?” ಎಂದರು. ಅಣ್ಣ ನನಗೆ ಉಪಕಾರ ಮಾಡುವವನ ಹಾಗೆ, “ಅದಾ, ನಮ್ಮ ಚಂದ್ರುದು ವಿಮಾನ ಸ್ವಾಮಿ” ಎಂದು ಬೀಗ ತೆಗೆದೇಬಿಟ್ಟ.

ನಾನು ನೆಲ ನೋಡುತ್ತಾ ನಿಂತೆ. ಗಿರಿಜ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಗಡಿಯಾರ ನಮ್ಮ ಸ್ಕೂಲಿಂದು. ಸೌಟು ನಮ್ಮನೇದು. ನಗೋದಿದ್ರೆ ನಕ್ಬಿಡಿ ಸಾರ್.”

ಲೋಬೋ ನಗಲಿಲ್ಲ. ಪಕ್ಕದ ಮೂಟೆಯ ಮೇಲೆ ಕುಳಿತು ಮೊಣಕಾಲು ಮಡಚಿಕೊಂಡು, ಹಲಗೆಯನ್ನು ಒಂದಿಷ್ಟು ಹತ್ತಿರಕ್ಕೆ ಎಳೆದರು. “ಟೀಚರೇ, ಮುಳ್ಳು ಯಾರು ತಿರುಗಿಸುವುದು?”

“ಯಾರೂ ಇಲ್ಲ. ಅವರೇ ಊಹೆ ಮಾಡ್ಕೋತಾರೆ.”

“ಅದೇ ತಪ್ಪಾದ್ದು. ನೀವೇ ತಿರುಗಿಸಿ. ಹೇಗೆ ತಿರುಗಿಸ್ತೀರಿ ಅಂತ ಅವರಿಗೆ ಹೇಳಬೇಡಿ.”

ಗಿರಿಜಳಿಗೆ ಇದಕ್ಕಿಂತ ಇಷ್ಟವಾದ ಕೆಲಸ ಇನ್ನೊಂದಿರಲಾರದು. ಒಂದು ಸಲ ಎರಡು ಮುಳ್ಳುಗಳನ್ನೂ ಸರಿಯಾಗಿ ಏರಿಸಿದಳು. ಇನ್ನೊಂದು ಸಲ ಶಾಖದ ಮುಳ್ಳನ್ನು ಸರ್ರನೆ ಮೇಲಕ್ಕೆ ಒಯ್ದಳು. ನನ್ನ ಕೈ ಅಭ್ಯಾಸದಂತೆ ಸೌಟನ್ನು ಮುಂದೆ ತಳ್ಳಿತು. “ಎಂಜಿನ್ ಸುಟ್ಟುಹೋಯಿತು” ಎಂದರು ಲೋಬೋ. ಮತ್ತೆ ಮಾಡಿದೆವು. ಮತ್ತೆ ಸುಟ್ಟೆ. ಮೂರನೆಯ ಎಂಜಿನ್ ಸುಟ್ಟಾಗ ಅಣ್ಣ “ಅಯ್ಯೋ” ಎಂದ, ತನ್ನ ಮಂಡಿಗೇ ಬೆಂಕಿ ಬಿದ್ದವನ ಹಾಗೆ. ರೈಲಿನ ಹೊತ್ತಾಗುವವರೆಗೂ ಇದೇ ನಡೆಯಿತು. ಕೊನೆಗೆ ನನ್ನ ಕೈ ಸುಮ್ಮನಿರಲು ಕಲಿಯಿತು. ಮುಳ್ಳು ಹಾರಿದರೆ ಹಿಂದಕ್ಕೆ, ಹಾರದಿದ್ದರೆ ಇದ್ದಲ್ಲೇ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಈಗ ಈ ಕೆಲಸಕ್ಕೆ ಹೊರಟವರಿಗೂ ನಾನು ಹೇಳುವುದು ಇಷ್ಟೇ: ನಿಮಗೆ ತುಂಬ ಚೆನ್ನಾಗಿ ಬರುವ ಕೆಲಸದ ಮೇಲೆಯೇ ಒಂದು ಕಣ್ಣಿಡಿ. ಹೊಸ ಯಂತ್ರಕ್ಕೆ ಅದು ಬೇಡವಾಗಿರಬಹುದು.

ರೈಲು ಹತ್ತುವಾಗ ಲೋಬೋ ಹೇಳಿದರು. “ನಿಮ್ಮ ಪರೀಕ್ಷೆ ನಾನು ಮಾಡುವುದಿಲ್ಲ. ನಿಮ್ಮ ಮನೆ ಹೋಳಿಗೆ ತಿಂದಾಯ್ತು. ಬೇರೆಯವರನ್ನು ಹಾಕ್ತೇನೆ.”

ಅವರು ಹಾಕಿದ ಮನುಷ್ಯನ ಮುಂದೆ ಲೋಬೋ ಸಾಕ್ಷಾತ್ ತಾಯಿ. ಇಡೀ ಪರೀಕ್ಷೆಯಲ್ಲಿ ಆತ ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದ. ಯಾರು ಹೇಳಿಕೊಟ್ಟಿದ್ದರೆಂದು ಗೊತ್ತಾಯಿತು. ಎಂಜಿನ್ ಚೆನ್ನಾಗಿ ಹತ್ತಿತು, ಚಕ್ರ ಹುಲ್ಲು ಮುಟ್ಟಲಿಲ್ಲ, ನಾನು ಪಾಸಾದೆ. ಅಣ್ಣ ಮಾಲೇಕಲ್ಲಿಗೆ ಹೋಗಿ ಹರಕೆ ತೀರಿಸಿದ. ತಕ್ಕಡಿಗೆ ಬೇರೆಯವನನ್ನು ನೇಮಿಸಿಕೊಂಡ.

ಗಿರಿಜ ಮೊದಲ ಸಲ ವಿಮಾನ ಹತ್ತಿದ್ದು ಅದಾದ ಮೇಲೆ, ಒಂದು ಬೇಸಿಗೆ ರಜದಲ್ಲಿ. ಬೊಂಬಾಯಿಗೆ ರೈಲಿನಲ್ಲಿ ಬಂದವಳನ್ನು ಹಿಂದಕ್ಕೆ ಬೆಂಗಳೂರಿಗೆ ನನ್ನ ಜೆಟ್‌ನಲ್ಲೇ ಕರೆತರಲು ಒಪ್ಪಿಸಿದ್ದೆ. ಅವಳಿಗೆ ಕಿಟಕಿ ಪಕ್ಕದ ಸೀಟು. ನಾನು ಮುಂದೆ ಹೋಗಿ ಕುಳಿತು ಕೆಲಸ ಶುರು ಮಾಡಿದೆ. ವಿಮಾನದ ಹಿಂದಿನಿಂದ ಬಿಸಿಗಾಳಿ ಬೀಸುತ್ತಿತ್ತು. ಸ್ಟಾರ್ಟರು ತಿರುಗಿತು, ಇಂಧನ ಬಿಟ್ಟೆ, ಬೆಂಕಿ ಹತ್ತಿತು. ವೇಗದ ಮುಳ್ಳು ಏರುತ್ತಾ ಏರುತ್ತಾ ನಡುವೆ ತಡೆಯಿತು. ಶಾಖದ ಮುಳ್ಳು ಮಾತ್ರ ತಡೆಯಲಿಲ್ಲ. ಯೋಚನೆ ಮಾಡಿ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲೇ ಕೈ ಲಿವರನ್ನು ಹಿಂದಕ್ಕೆ ಎಳೆದಾಗಿತ್ತು. ಎಂಜಿನಿನ ಶಬ್ದ ನಿಟ್ಟುಸಿರಿನ ಹಾಗೆ ಇಳಿದು ನಿಂತಿತು.

ಆಮೇಲೆ ಆದದ್ದು ಯಾವ ವೀರಗಾಥೆಯೂ ಅಲ್ಲ. ಬಾಗಿಲು ತೆಗೆಸಿ, ಎಂಜಿನಿಯರುಗಳನ್ನು ಕರೆಸಿದೆ. ಪ್ರಯಾಣಿಕರು ಬೇಕಾದರೆ ಇಳಿದು ನೆರಳಿನಲ್ಲಿ ನಿಲ್ಲಬಹುದು ಎಂದು ಹೇಳಿಸಿದೆ. ದಪ್ಪನೆಯ ಯಜಮಾನರೊಬ್ಬರು ಇಳಿಯುತ್ತಾ, ನನಗೆ ಕೇಳುವ ಹಾಗೆ, “ಇದಕ್ಕಿಂತ ಎತ್ತಿನಗಾಡಿ ವಾಸಿ” ಎಂದರು. ನಿಲ್ದಾಣದ ಅಧಿಕಾರಿ ಮೇಲೆ ಬಂದು, ಇನ್ನೊಂದು ಕ್ಷಣ ಕಾಯಬಹುದಿತ್ತಲ್ಲ, ಹತ್ತಿಬಿಡುತ್ತಿತ್ತೇನೋ ಎಂದು ರಾಗ ಎಳೆದರು. ಎಂಜಿನಿಯರುಗಳು ಎಲ್ಲ ನೋಡಿ, ಏನೂ ಕೆಟ್ಟಿಲ್ಲ, ಹಿಂದಿನ ಗಾಳಿಯ ಕಾಟ ಎಂದರು. ವಿಮಾನವನ್ನು ಎಳೆಸಿ ಗಾಳಿಗೆ ಮುಖ ಮಾಡಿ ನಿಲ್ಲಿಸಿ ಮತ್ತೆ ಪ್ರಯತ್ನಿಸಿದೆ. ಒಳ್ಳೆಯ ಮಗುವಿನ ಹಾಗೆ ಹತ್ತಿತು. ತಡವಾದದ್ದಕ್ಕೆ ಮೇಲಿನವರು ವಿವರಣೆ ಕೇಳಿದರು, ಕೊಟ್ಟೆ. ಸರಿಯಾಗಿ ನಿಲ್ಲಿಸಿದವನಿಗೆ ಈ ಕೆಲಸದಲ್ಲಿ ಸಿಗುವುದು ಇಷ್ಟೇ. ನಿಲ್ಲಿಸದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾರಿಗೂ ತೋರಿಸಲು ಬರುವುದಿಲ್ಲ. ಹೊಸಬರು ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬರಬೇಕು.

ಬೆಂಗಳೂರಿನಿಂದ ಅರಸೀಕೆರೆಗೆ ರೈಲು ಹಿಡಿದೆವು. ಗಿರಿಜ ಕಿಟಕಿಯ ಆಚೆ ತೆಂಗಿನ ತೋಟಗಳನ್ನು ನೋಡುತ್ತಾ ಕುಳಿತಿದ್ದಳು. ತಿಪಟೂರು ದಾಟಿದ ಮೇಲೆ ನಾನೇ ಕೇಳಿದೆ.

“ಎಂಜಿನ್ ನಿಲ್ಸಿದಾಗ ಭಯ ಆಯ್ತಾ?”

“ಆಗದೆ ಏನು? ಉಳಿದೋರೆಲ್ಲ ಹೊತ್ತಾಯ್ತು ಅಂತ ಬೈತಾ ಇದ್ರು. ಅವರಿಗೇನು ಗೊತ್ತು ಪಾಪ. ಆ ಶಬ್ದ ಇಳಿದಾಗ ನಂಗೆ ಗೊತ್ತಾಯ್ತು. ಮುಳ್ಳು ಹಾರಿತು, ನೀವು ಸೌಟು ಹಿಂದಕ್ಕೆ ಎಳೆದ್ರಿ ಅಂತ.”

“ಬಾಗ್ಲು ತೆಗೆಸಿದ್ದೆನಲ್ಲ. ಎಲ್ಲರೂ ಇಳಿದ್ರು. ನೀನು ಕೂತಲ್ಲೇ ಕೂತಿದ್ದೆ ಅಂತ ಆಮೇಲೆ ಹೇಳಿದ್ರು. ಅಷ್ಟು ಭಯ ಆಗಿದ್ರೆ ನೀನ್ಯಾಕೆ ಇಳೀಲಿಲ್ಲ?”

ಪಾಠವೆಲ್ಲ ಮುಗಿದ ಮೇಲೆ ಹೆಡ್ಡ ಪ್ರಶ್ನೆ ಕೇಳಿದ ಹುಡುಗಿಯನ್ನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು.

“ನೀವು ಇಳಿದಿದ್ರಾ?”